ಕೋಸ್ಟರೀಕಾದ ರಜೆ, ಬರ್ಚ್‌ವುಡ್ಡಿನ ಹರಕೆ

ಒಂದು ಸತ್ಯ ಒಪ್ಪಿಕೊಂಡುಬಿಡುತ್ತೇನೆ. ಮುಂದಿನ ಏಕಾದಶಿ ಯಾವತ್ತು ಅಂತ ಯಾರಾದರೂ ಕೇಳಿದರೆ ನಾನು ಪಂಚಾಂಗ ತಿರುವಿ ನೋಡಬೇಕು. ಆದರೆ ಕೋಸ್ಟರೀಕಾ ದೇಶದ ಸರ್ಕಾರಿ ರಜೆಗಳು ಯಾವುವು ಅಂತ ಕೇಳಿ ನೋಡಿ. ಸಾರಿಗೆ ಒಗ್ಗರಣೆ ಹಾಕುತ್ತಿದ್ದರೂ ಸರಿ, ಸಾಸಿವೆ ಸಿಡಿದು ಮುಗಿಯುವಷ್ಟರಲ್ಲಿ ಎಲ್ಲವನ್ನೂ ಒಪ್ಪಿಸಿಬಿಡುತ್ತೇನೆ. ಆ ದೇಶವನ್ನು ನಾನು ನೋಡಿಲ್ಲ. ಅಟ್ಲಾಸಿನಲ್ಲಿ ಹುಡುಕುವುದಕ್ಕೇ ಹತ್ತು ನಿಮಿಷ ಹಿಡಿಯಿತು. ಮೇಲಿನ ಅಮೆರಿಕ ಕೆಳಗಿನ ಅಮೆರಿಕಕ್ಕೆ ಸೇರುವ ಕಡೆ, ಹೆಂಗಸರ ಸೊಂಟದ ಹಾಗೆ ಸಣ್ಣಗಾಗಿರುವ ಜಾಗದಲ್ಲಿ, ಡಾಬಿನ ಒಂದು ಬಿಲ್ಲೆಯಷ್ಟು ಅಗಲಕ್ಕೆ ಕೂತಿದೆ. ಅಷ್ಟು ಪುಟ್ಟ ದೇಶ ಇಂಗ್ಲೆಂಡಿನ ವಾರಿಂಗ್ಟನ್ನಿನಲ್ಲಿರುವ ನಮ್ಮ ಅಡುಗೆಮನೆಯ ತಿಥಿ ನಕ್ಷತ್ರಗಳನ್ನು ಬದಲಾಯಿಸಿತು ಅಂದರೆ ನೀವು ನಂಬಬೇಕು.

ಆದದ್ದಿಷ್ಟು. ನಮ್ಮವರು ಊರಂಚಿನ ಬರ್ಚ್‌ವುಡ್ಡಿನ ಒಂದು ಸಾಫ್ಟ್‌ವೇರ್ ಆಫೀಸಿನಲ್ಲಿ ಕೆಲಸ ಮಾಡುತ್ತಾರೆ. ಕೆಲವು ವರ್ಷದ ಹಿಂದೆ ಅವರನ್ನು ಕೋಸ್ಟರೀಕಾದ ಕಂಪನಿಯೊಂದರ ಕೆಲಸಕ್ಕೆ ಹಾಕಿದರು. ಅವರು ಕೆಲಸ ಮಾಡುವ ದಿನ ಇವರೂ ಮಾಡಬೇಕು, ಅವರಿಗೆ ರಜೆಯಾದರೆ ಇವರಿಗೂ ರಜೆ. ಅಲ್ಲಿಗೂ ಇಲ್ಲಿಗೂ ಬೇಸಗೆಯಲ್ಲಿ ಏಳು ಗಂಟೆ ಅಂತರ. ಹೀಗಾಗಿ ಬ್ಯಾಂಕ್ ಹಾಲಿಡೇ ಸೋಮವಾರ ಇಡೀ ಬೀದಿ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರೆ ನಮ್ಮವರು ಪರದೆ ಎಳೆದುಕೊಂಡು ಮೀಟಿಂಗಿನಲ್ಲಿರುತ್ತಿದ್ದರು. ಇನ್ಯಾವುದೋ ದಿನ, ಪೋಸ್ಟ್‌ಮ್ಯಾನ್ ಬರುವ ಹೊತ್ತಿನಲ್ಲಿ ಲುಂಗಿಯಲ್ಲಿ ಓಡಾಡಿಕೊಂಡು "ಸುಮಾ, ಇನ್ನೊಂದ್ ಲೋಟ ಕಾಫಿ ಸಿಗತ್ತಾ?" ಅನ್ನುತ್ತಿದ್ದರು. ಎದುರುಮನೆಯವರು ಇವರಿಗೆ ಕೆಲಸ ಹೋಗಿದೆ ಅಂತ ತಿಳಿದು ಒಂದು ದಿನ ಒಂದು ಡಬ್ಬಿ ಬಿಸ್ಕತ್ತು ತಂದುಕೊಟ್ಟು, ನನ್ನ ಭುಜ ತಟ್ಟಿ ಹೋದರು. ಬಿಸ್ಕತ್ತು ಚೆನ್ನಾಗಿದ್ದವು. ಹಾಗಾಗಿ ನಾನೂ ತಿದ್ದಲು ಹೋಗಲಿಲ್ಲ.

ಆಫೀಸಿನವರು ಕೊಟ್ಟ ರಜೆಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ, ಕೌನ್ಸಿಲಿನ ಕಸದ ಡಬ್ಬಿಯ ವೇಳಾಪಟ್ಟಿಯ ಪಕ್ಕ ಅಂಟಿಸಿದೆವು. ಹಾಲು ತೆಗೆಯಲು ಹೋದಾಗಲೆಲ್ಲ ಓದುತ್ತಿದ್ದೆ. ಮೊದಮೊದಲು ಕುತೂಹಲ, ಆಮೇಲಾಮೇಲೆ ನಿಜವಾಗಿ ಕೈಮುಗಿಯಬೇಕು ಅನ್ನಿಸುತ್ತಿತ್ತು. ಜುಲೈ ಇಪ್ಪತ್ತೈದಕ್ಕೆ ಒಂದು ರಜೆ ಇದೆ. ಗಡಿಯ ಒಂದು ಪ್ರಾಂತ್ಯದವರು ತಾವಾಗಿಯೇ "ನಾವು ನಿಮ್ಮ ಜೊತೆಗಿರ್ತೀವಿ" ಅಂತ ಬಂದು ಸೇರಿಕೊಂಡ ದಿನವಂತೆ. ಗಡಿ ಅಂದರೆ ಬಸ್ಸಿಗೆ ಮಸಿ ಬಳಿಯುವುದು ಅಂತ ತಿಳಿದು ಬೆಳೆದವಳು ನಾನು. ಡಿಸೆಂಬರ್ ಒಂದಕ್ಕೆ ಇನ್ನೊಂದು ರಜೆ. ಅದು ದೇಶದ ಸೈನ್ಯವನ್ನೇ ರದ್ದು ಮಾಡಿದ ದಿನ! ಗೆದ್ದದ್ದಕ್ಕೆ ಹಬ್ಬ ಮಾಡುವವರನ್ನು ನೋಡಿದ್ದೇನೆ, ನಾನೇ ಮೈಸೂರಿನವಳು, ಕುಶಾಲತೋಪಿನ ಸದ್ದಿಗೆ ಕಿವಿ ಮುಚ್ಚಿಕೊಂಡು ದಸರಾ ನೋಡಿದವಳು. ಇನ್ನು ಮೇಲೆ ಯುದ್ಧವೇ ಬೇಡ, ಬಂದೂಕು ಕೆಳಗಿಡಿ ಅಂದದ್ದಕ್ಕೆ ಶಾಲೆಗೆ ರಜೆ ಕೊಡುವ ದೇಶ ಇದೆ ಅಂತ ಗೊತ್ತಾದ ದಿನ ಹಾಲು ಉಕ್ಕಿ ಸ್ಟವ್ವೆಲ್ಲ ರಂಪವಾಯಿತು.

ಆಗಸ್ಟ್ ಹದಿನೈದಂತೂ ಕೇಳಲೇಬೇಡಿ. ನಮಗೆ ಸ್ವಾತಂತ್ರ್ಯ ಬಂದ ದಿನ ಅವರಿಗೆ ತಾಯಂದಿರ ದಿನ. ಇಂಗ್ಲೆಂಡಿನವರೂ ತಾಯಂದಿರ ದಿನ ಮಾಡುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಹೇಗಿದ್ದರೂ ಬಾಗಿಲು ಹಾಕುವ ಭಾನುವಾರಕ್ಕೆ ತಾಯಿಯನ್ನು ತಂದು ಅಂಟಿಸಿದ್ದಾರೆ. ಕೋಸ್ಟರೀಕಾದವರು ಸರ್ಕಾರಿ ಕಚೇರಿಗೇ ಬೀಗ ಹಾಕಿ ಅಮ್ಮನ ಮನೆಗೆ ಹೋಗುತ್ತಾರೆ. "ನೋಡ್ರೀ, ಎಂಥಾ ಜನ!" ಅಂದೆ. ನಮ್ಮವರು ಪತ್ರಿಕೆಯಿಂದ ತಲೆ ಎತ್ತದೆ, "ಹೌದು ಕಣೆ, ಅವತ್ತು ಸ್ವಲ್ಪ ಬಿಸಿಬೇಳೆಬಾತ್ ಮಾಡು, ಮನೆಯಲ್ಲೇ ಇರ್ತೀನಲ್ಲ" ಅಂದರು.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಆಗಸ್ಟ್ ಎರಡು. ಅದರ ಕಥೆ ಹೇಳಿದವಳು ಮಾರಿಸೋಲ್. ಆ ಕಂಪನಿಯಿಂದ ಆರು ತಿಂಗಳ ಮಟ್ಟಿಗೆ ಬರ್ಚ್‌ವುಡ್ಡಿಗೆ ಬಂದಿದ್ದ ಹುಡುಗಿ, ನಮ್ಮವರ ಪಕ್ಕದ ಮೇಜಿನವಳು. ಮೂವತ್ತರ ಆಸುಪಾಸು, ಗುಂಗುರು ಕೂದಲು. ಪರದೇಶದಲ್ಲಿ ಒಬ್ಬಳೇ ಇದ್ದಾಳೆ ಅಂತ ಊಟಕ್ಕೆ ಕರೆದೆವು. ತಟ್ಟೆಯ ಮುಂದೆ ಕೂತು, ಕಣ್ಣು ಮುಚ್ಚಿ ಒಂದು ಚಣ ದೇವರನ್ನು ನೆನೆದು ಆಮೇಲೆ ಸಾರನ್ನಕ್ಕೆ ಕೈಹಾಕಿದಳು. ನಮ್ಮ ಅದಿತಿ, ಹದಿನಾಲ್ಕು ವರ್ಷದ ಮಗಳು, ಅಷ್ಟರಲ್ಲಿ ಅರ್ಧ ಹಪ್ಪಳ ಮುಗಿಸಿದ್ದಳು. ನಾನು ಮಗಳನ್ನು ಒಂದು ನೋಟ ನೋಡಿ, ಮಾರಿಸೋಲಳಿಗೆ ಇನ್ನೊಂದು ಚಮಚ ತುಪ್ಪ ಹಾಕಿದೆ.

ಆಗಸ್ಟ್ ಎರಡು ಅವರ ದೇವಿಯ ದಿನ. ಮೇರಿ ಮಾತೆಗೆ ಅಲ್ಲಿ ದೇವದೂತರ ತಾಯಿ ಅಂತ ಹೆಸರು. ಗೇಣುದ್ದದ ಕಪ್ಪು ಕಲ್ಲಿನ ವಿಗ್ರಹ. ಹಿಂದೆ ಒಬ್ಬ ಬಡ ಹುಡುಗಿ ಸೌದೆ ಆರಿಸಲು ಹೋದಾಗ ಬಂಡೆಯ ಮೇಲೆ ಸಿಕ್ಕಿತಂತೆ. ಬೊಂಬೆ ಅಂತ ಮನೆಗೆ ತಂದಿಟ್ಟರೆ ಮಾರನೆಯ ದಿನ ವಾಪಸು ಅದೇ ಬಂಡೆಯ ಮೇಲೆ. ಪಾದ್ರಿಗಳು ತೆಗೆದುಕೊಂಡು ಹೋಗಿ ಬೀಗ ಹಾಕಿಟ್ಟರೂ ಮತ್ತೆ ಬಂಡೆಯ ಮೇಲೆ. ಕೊನೆಗೆ ಅಲ್ಲೇ ಗುಡಿ ಕಟ್ಟಿದರು. ಕೆಳಗೊಂದು ನೀರಿನ ಬುಗ್ಗೆ ಇದೆ, ಜನ ಬಾಟಲಿಯಲ್ಲಿ ತುಂಬಿಕೊಂಡು ಮನೆಗೆ ತರುತ್ತಾರೆ. ಅವಳು ಹೇಳುತ್ತಾ ಹೋದಂತೆ ನನ್ನ ರೋಮವೆಲ್ಲ ನಿಂತಿತು. ಕರಿಕಲ್ಲು, ಕದಲದ ದೇವಿ, ಬುಗ್ಗೆ, ತೀರ್ಥ. ಇದು ನಮ್ಮ ಯಾವ ಊರಿನ ಸ್ಥಳಪುರಾಣ ಅಲ್ಲ ಹೇಳಿ! ಹುತ್ತವೊಂದು, ಹಾಲು ಸುರಿಸುವ ಹಸುವೊಂದು ಇದ್ದಿದ್ದರೆ ನಾನು ಅಲ್ಲೇ ಮಂಗಳಾರತಿ ಎತ್ತುತ್ತಿದ್ದೆ.

"ಅವತ್ತು ದೇಶದ ಎಲ್ಲಾ ಮೂಲೆಯಿಂದ ಜನ ನಡ್ಕೊಂಡೇ ಬರ್ತಾರೆ ಸುಮಾ" ಅಂದಳು ಮಾರಿಸೋಲ್. "ನಮ್ಮನೆಯಿಂದ ಇಪ್ಪತ್ತೆರಡು ಕಿಲೋಮೀಟರ್. ಪ್ರತಿ ವರ್ಷ ನಾನು, ಅಮ್ಮ ಒಟ್ಟಿಗೆ ನಡೀತಿದ್ವಿ." ಅಷ್ಟು ಹೇಳಿ ತಟ್ಟೆಯ ಅನ್ನ ಕಲಸತೊಡಗಿದಳು. ಆಮೇಲೆ ತಿಳಿಯಿತು. ಹೋದ ಚಳಿಗಾಲದಲ್ಲಿ ಅವರಮ್ಮನಿಗೆ ಹೃದಯದ ಆಪರೇಷನ್ ಆಗಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಅಮ್ಮ ಉಳಿದರೆ ಈ ಸಲ ಆಗಸ್ಟ್ ಎರಡಕ್ಕೆ ಒಬ್ಬಳಾದರೂ ಸರಿ, ನಡೆದು ಬಂದು ನಿನ್ನ ಮುಂದೆ ಮಂಡಿಯೂರುತ್ತೇನೆ ಅಂತ ಇವಳು ಹರಸಿಕೊಂಡಿದ್ದಳು. ಅಮ್ಮ ಉಳಿದರು. ಇವಳನ್ನು ಆಫೀಸಿನವರು ಬರ್ಚ್‌ವುಡ್ಡಿಗೆ ಕಳಿಸಿದರು. ರಜೆ ಸಿಕ್ಕಿದೆ, ದೇವಿ ಸಮುದ್ರದಾಚೆ. ಊರಿನಲ್ಲಿರುವ ಅವಳ ತಮ್ಮ, ಅಕ್ಕನ ಬದಲು ತಾನು ನಡೆಯುತ್ತೇನೆ ಅಂದನಂತೆ, ಆದರೆ ಹರಕೆ ಹೊತ್ತವಳು ಇವಳು. ಅಮ್ಮ ದಿನಾ ಫೋನಿನಲ್ಲಿ "ನಡಿಗೆಯ ವಿಷಯ ಏನು ಮಾಡಿದೆ ಮಗಳೇ" ಅಂತ ಕೇಳುತ್ತಾರೆ. ಇನ್ನೂ ಹಾಸಿಗೆಯಲ್ಲಿರುವ ಹೆಂಗಸು, ತನ್ನ ಜೀವಕ್ಕೆ ಮಗಳು ಕೊಟ್ಟ ಮಾತು ಉಳಿಯದೆ ಹೋದೀತೇ ಅಂತ ಹೆದರಿಕೊಂಡಿದ್ದಾರೆ.

ಹರಕೆಯ ವಿಷಯ ಬಂದರೆ ನಾನು ಸುಮ್ಮನಿರುವವಳಲ್ಲ. ನಮ್ಮ ಮನೆತನಕ್ಕೆ ಅದರಲ್ಲಿ ಅನುಭವವಿದೆ. ನಾನು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಪಾಸಾದರೆ ಮುಡಿ ಕೊಡಿಸುತ್ತೇನೆ ಅಂತ ನಮ್ಮಮ್ಮ ನಂಜುಂಡೇಶ್ವರನಿಗೆ ಹರಸಿಕೊಂಡಿದ್ದಳು. ಪಾಸಾದೆ. ಮುಡಿಯ ಮಾತು ಕೇಳಿ ನಾನು ಎರಡು ದಿನ ಊಟ ಬಿಟ್ಟೆ. ಕೊನೆಗೆ ಮೂರು ಕತ್ತರಿ ಕೂದಲಿಗೆ ಸ್ವಾಮಿಯನ್ನು ಒಪ್ಪಿಸಿದರು. ಮೂವತ್ತೈದು ಅಂಕಕ್ಕೆ ಅಷ್ಟು ಕೂದಲು ಸಾಕು ಅಂತ ನಮ್ಮಪ್ಪ ಅಂದರಂತೆ. ದೇವರು ಕಟ್ಟುನಿಟ್ಟಿನವನಲ್ಲ ಅಂತ ಅವತ್ತೇ ನನಗೆ ಗೊತ್ತಾಗಿತ್ತು. ಹಾಗಾಗಿ ಮಾರಿಸೋಲಳಿಗೆ ಧೈರ್ಯವಾಗಿ ತೀರ್ಪು ಕೊಟ್ಟೆ. "ಅಷ್ಟೇ ದೂರ ಇಲ್ಲಿ ನಡಿ. ಆ ತಾಯಿಯ ಹೆಸರಿನ ಚರ್ಚು ಇಲ್ಲೂ ಇರತ್ತಲ್ಲ. ಸಂಕಲ್ಪ ಮುಖ್ಯ. ನಾನೂ ನಿನ್ನ ಜೊತೆ ಬರ್ತೀನಿ."

ಕೊನೆಯ ವಾಕ್ಯ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ನಮ್ಮವರು ಮಜ್ಜಿಗೆ ಕುಡಿಯುತ್ತಿದ್ದವರು ನಿಲ್ಲಿಸಿದರು. "ಸುಮಾ, ನೀನು ಬಸ್ ಸ್ಟಾಪಿಗೆ ಹೋಗೋಕೂ ಲಿಫ್ಟ್ ಕೇಳ್ತೀಯ" ಅಂದರು.

"ಅದು ಲೌಕಿಕ ಕಣ್ರೀ, ಇದು ಬೇರೆ" ಅಂದೆ.

ನಮ್ಮವರೇ ಮ್ಯಾಪು ನೋಡಿ, ಮ್ಯಾಂಚೆಸ್ಟರಿನ ಪಕ್ಕದ ಸಾಲ್ಫರ್ಡಿನಲ್ಲಿ, ಟಿವಿ ಸ್ಟುಡಿಯೋಗಳ ಮೀಡಿಯಾಸಿಟಿ ದಾಟಿದ ಮೇಲೆ ಮೇರಿ ಮಾತೆಯ ಹೆಸರಿನ ಒಂದು ಚರ್ಚು ಹುಡುಕಿಕೊಟ್ಟರು. ಅಲ್ಲೊಂದು ಇಲ್ಲೊಂದು ಸುತ್ತು ಸೇರಿಸಿದರೆ ನಮ್ಮ ಬಾಗಿಲಿನಿಂದ ಸರಿಯಾಗಿ ಇಪ್ಪತ್ತೆರಡು ಕಿಲೋಮೀಟರ್. ನಾನು ಉಳಿದ ವಿಧಿವಿಧಾನಗಳನ್ನು ಹೇಳಿದೆ. ಬೆಳಗಿನ ಐದಕ್ಕೆ ಹೊರಡಬೇಕು. ದರ್ಶನ ಆಗುವವರೆಗೆ ಏನೂ ತಿನ್ನಬಾರದು. ಮುಖ್ಯವಾಗಿ ಹನ್ನೆರಡರೊಳಗೆ ತಲುಪಲೇಬೇಕು, ಮಧ್ಯಾಹ್ನ ನೈವೇದ್ಯವಾದ ಮೇಲೆ ಬಾಗಿಲು ಹಾಕಿಬಿಡುತ್ತಾರೆ. ಅದಿತಿ ಫೋನಿನಿಂದ ಕಣ್ಣೆತ್ತಿ, "ಅಮ್ಮಾ, ಜಸ್ಟ್ ಚೆಕ್ ದಿ ವೆಬ್‌ಸೈಟ್" ಅಂದಳು. "ದೇವರನ್ನ ನೋಡೋಕೆ ವೆಬ್‌ಸೈಟ್ ನೋಡ್ಕೊಂಡು ಹೋಗ್ತಾರೇನೇ? ಬಾಯ್ಮುಚ್ಚು" ಅಂದೆ.

ಆಗಸ್ಟ್ ಎರಡು, ವಾರದ ನಡುವಿನ ಕೆಲಸದ ದಿನ. ಕೋಸ್ಟರೀಕಾಕ್ಕೂ, ಬರ್ಚ್‌ವುಡ್ಡಿನ ಒಂದು ಮೂಲೆಗೂ ಮಾತ್ರ ರಜೆ. ದೇವರ ಮುಂದೆ ದೀಪ ಹಚ್ಚಿ, ನಾನು ಚೂಡಿದಾರಕ್ಕೆ ಕ್ರೀಡಾ ಬೂಟು ಹಾಕಿಕೊಂಡು ಹೊರಟೆ. ಮೊದಲ ಐದು ಮೈಲಿ ವಿಷ್ಣುಸಹಸ್ರನಾಮ ಹೇಳಿಕೊಂಡು ನಡೆದೆ. ಆಮೇಲಿನ ಮೂರು ಮೈಲಿ ಬರೀ ವಿಷ್ಣು ಅಂದೆ, ಸಹಸ್ರಕ್ಕೆ ಉಸಿರಿರಲಿಲ್ಲ. ಇರ್ಲಮ್ ದಾಟಿ ಎಕ್ಲ್ಸ್ ತಲುಪುವ ಹೊತ್ತಿಗೆ ಬೇಕರಿಯೊಂದು ಬಾಗಿಲು ತೆರೆದು ಒಣದ್ರಾಕ್ಷಿ ಕೇಕಿನ ಬಿಸಿ ಪರಿಮಳವನ್ನು ಬೀದಿಗೆ ಬಿಟ್ಟಿತು. ನನ್ನದೇ ಶಾಸನ, ಮುರಿಯುವ ಹಾಗಿಲ್ಲ. ಅಲ್ಲಿಂದ ಮುಂದೆ ರಸ್ತೆಯ ಪಕ್ಕದಲ್ಲೇ ಟ್ರಾಮಿನ ಹಳಿ. ಹತ್ತು ಹನ್ನೆರಡು ನಿಮಿಷಕ್ಕೊಂದು ಹಳದಿ ಟ್ರಾಮು, ಒಳಗೆ ಸಾಲು ಸಾಲು ಖಾಲಿ ಸೀಟು ಇಟ್ಟುಕೊಂಡು, ಮೇನಕೆಯ ಹಾಗೆ ನನ್ನನ್ನು ಸವರಿಕೊಂಡು ಹೋಗುತ್ತಿತ್ತು. ಮಾರಿಸೋಲ್ ಮಾತ್ರ ಒಂದೇ ಸಮನೆ ನಡೆದಳು. ನಾನು ಹಿಂದೆ ಬಿದ್ದರೆ ನಿಲ್ಲುತ್ತಿದ್ದಳು, ನನ್ನ ನೀರಿನ ಬಾಟಲಿಯನ್ನು ತಾನೇ ಹೊತ್ತಳು. "ಹರಕೆ ನನ್ನದು, ನೀವು ಬೇಕಾದರೆ ಟ್ರಾಮ್ ಹತ್ತಿ ಸುಮಾ" ಅಂದಳು ಒಮ್ಮೆ. "ಛೆ ಛೆ" ಅಂದೆ. ಎರಡನೇ ಛೆ ಸ್ವಲ್ಪ ಮೆಲ್ಲಗೆ ಬಂತು.

ಹನ್ನೊಂದೂವರೆಗೆ ತಲುಪಿದೆವು. ಕೆಂಪು ಇಟ್ಟಿಗೆಯ ಹಳೆಯ ಚರ್ಚು, ಎತ್ತರದ ಮರದ ಬಾಗಿಲು. ಬಾಗಿಲಿಗೆ ಬೀಗ. ಪಕ್ಕದ ಬೋರ್ಡಿನಲ್ಲಿ, ಇವತ್ತಿನ ಪೂಜೆ ಸಂಜೆ ಆರೂವರೆಗೆ.

ನಮ್ಮ ಕಡೆ ದೇವರು ಬೆಳಿಗ್ಗೆ ಎದ್ದು ಮಧ್ಯಾಹ್ನ ಮಲಗುತ್ತಾನೆ. ಇಲ್ಲಿ ವಾರದ ದಿನ ಜನ ಕೆಲಸ ಮುಗಿಸಿ ಬಂದ ಮೇಲೇ ಬಾಗಿಲು ತೆರೆಯುವುದು ಅಂತ ನನಗೆ ಹೊಳೆಯಲೇ ಇಲ್ಲ. ನನ್ನ ಮಾತು ಕೇಳಿ ಆ ಹುಡುಗಿ ಬರಿಹೊಟ್ಟೆಯಲ್ಲಿ, ಬೆಳಗಿನ ಐದಕ್ಕೆ, ಓಡಿಕೊಂಡ ಹಾಗೆ ಬಂದಿದ್ದಾಳೆ. ಅವಳು ಬೋರ್ಡು ಓದಿದಳು, ಬಾಗಿಲಿನ ಮೇಲೆ ಅಂಗೈ ಇಟ್ಟು ನಿಂತಳು. ಕೂಗಾಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ನಮ್ಮ ಗುಡಿ ಅವತ್ತು ಮುಚ್ಚೋದೇ ಇಲ್ಲ" ಅಂತ ಮಾತ್ರ ಅಂದಳು. ಆಮೇಲೆ ಅಂಗೈ ತೆಗೆದು, "ದೇವಿಗೆ ಇದು ಇಷ್ಟ ಆಗಲಿಲ್ಲವೇನೋ, ಇಲ್ಲಿ ನಡೆದದ್ದು ಲೆಕ್ಕಕ್ಕಿಲ್ಲವೇನೋ" ಅಂದಳು.

ನಮ್ಮವರು ಅದಿತಿಯನ್ನೂ ಊಟದ ಡಬ್ಬಿಯನ್ನೂ ಕಾರಿನಲ್ಲಿ ತಂದರು. ಬೀಗ ನೋಡಿ ಮಗಳು "ಐ ಡಿಡ್ ಸೇ" ಅಂದಳು. ನಮ್ಮವರು "ಮನೆಗೆ ಹೋಗಿ ಸಂಜೆ ಬರೋಣ" ಅಂದರು. ಹರಕೆಗೆ ಹೊರಟವರು ದರ್ಶನ ಮಾಡದೆ ಹಿಂದೆ ತಿರುಗುವಂತಿಲ್ಲ ಅಂದೆ. ಅಷ್ಟರಲ್ಲಿ ಮಳೆ ಶುರುವಾಯಿತು. ಕಾರಿನೊಳಗೆ ಕೂರಬಹುದೇ ಅಂತ ಮಾರಿಸೋಲ್ ನನ್ನನ್ನೇ ಕೇಳಿದಳು. ಬೆಳಗಿನಿಂದ ನಾನೇ ಧರ್ಮಾಧಿಕಾರಿಯಲ್ಲವೇ? "ಓಡದೆ ನಿಂತಿರೋ ಕಾರು ವಾಹನ ಅಲ್ಲ, ಮಂಟಪ" ಅಂದೆ. "ಊಟ?" ಅಂದರು ನಮ್ಮವರು. ಪುಳಿಯೋಗರೆ ಅನ್ನವಾದ್ದರಿಂದ ಕೂಡದು, ಮೊಸರವಲಕ್ಕಿ ಉಪವಾಸಕ್ಕೆ ಬರುತ್ತದೆ, ಬಾಳೆಹಣ್ಣು ಹಣ್ಣೇ ಆಯಿತು ಅಂದೆ. ಮಾರಿಸೋಲ್ ಅವಲಕ್ಕಿ ತಿನ್ನುತ್ತಾ ಮೊದಲ ಸಲ ನಕ್ಕಳು. "ನಮ್ಮ ನಡಿಗೆಯಲ್ಲಿ ದಾರಿಯುದ್ದಕ್ಕೂ ತಿನ್ಕೊಂಡೇ ಹೋಗ್ತೀವಿ ಸುಮಾ. ಜನ ಕಿತ್ತಳೆಹಣ್ಣು ಹಂಚ್ತಾರೆ."

"ಮೊದಲೇ ಹೇಳಬಾರದಿತ್ತೇನೇ?"

"ನಿಮ್ಮ ದೇವರಿಗೆ ಇಷ್ಟ ಇರಬಹುದು ಅಂತ ಸುಮ್ಮನಿದ್ದೆ."

ಆ ಮಧ್ಯಾಹ್ನವಿಡೀ ಮಂಟಪದಲ್ಲಿ ಕೂತೆವು. ಮಾರಿಸೋಲ್ ನನ್ನ ಭುಜಕ್ಕೆ ಒರಗಿ ನಿದ್ದೆಹೋದಳು. ಬೂಟು ಬಿಚ್ಚಿದ ಅವಳ ಕಾಲಿನಲ್ಲಿ ಎರಡು ಬೊಕ್ಕೆ ಎದ್ದಿದ್ದವು, ಒಂದು ಮಾತೂ ಆಡಿರಲಿಲ್ಲ. ನಾನು ಅದನ್ನು ನೋಡುತ್ತಾ ಕೂತೆ. ನನ್ನ ಹರಕೆಗಳೆಲ್ಲ ಹೇಗೆ ಅಂದರೆ, ಮೊದಲು ಇದನ್ನು ಕಳಿಸು, ಆಮೇಲೆ ಕಾಯಿ ಒಡೆಯುತ್ತೇನೆ. ಕಳಿಸಿದ ಮೇಲೆ ಕಾಯಿ ತೆಗೆದುಕೊಳ್ಳುವುದೇ ಮರೆಯುತ್ತದೆ. ಈ ಹುಡುಗಿಗೆ ಬೇಕಾದದ್ದು ಸಿಕ್ಕಿ ಆಗಿದೆ. ಅಮ್ಮ ಎದ್ದು ಕೂತು ಕಾಫಿ ಕುಡಿಯುತ್ತಿದ್ದಾರೆ. ಇವಳು ಬಂದಿರುವುದು "ಹೇಳಿದ್ದೆನಲ್ಲ, ಬಂದೆ" ಅನ್ನುವುದಕ್ಕೆ. ಇಡೀ ದೇಶವೇ ಅದಕ್ಕೊಂದು ರಜೆ ಇಟ್ಟುಕೊಂಡು, ಅಂಗಡಿ ಕಚೇರಿ ಬಿಟ್ಟು, ಬೊಕ್ಕೆ ಎದ್ದ ಕಾಲಿನಲ್ಲಿ ನಡೆಯುತ್ತದೆ. ಆ ದಿನವನ್ನು ನಾನು ಫ್ರಿಜ್ಜಿನ ಬಾಗಿಲಲ್ಲಿ ಬರೀ ಒಂದು ಸಾಲಾಗಿ ಓದಿದ್ದೆ.

ಆರು ಗಂಟೆಗೆ ಒಬ್ಬ ಮುದುಕರು ಬಂದು ಬೀಗ ತೆಗೆದರು. ಮಾರಿಸೋಲ್ ಒಳಗೆ ಕಾಲಿಡುವ ಮುಂಚೆ ಅಮ್ಮನಿಗೆ ವಿಡಿಯೋ ಕರೆ ಮಾಡಿದಳು. ಅಲ್ಲಿ ಬೆಳಗಿನ ಹನ್ನೊಂದು. ದಿಂಬಿಗೆ ಒರಗಿ ಕೂತ ನರೆಗೂದಲಿನ ಹೆಂಗಸು, ಹಿಂದೆ ಟಿವಿಯಲ್ಲಿ ಜನಸಾಗರ. ಮಗಳು ಫೋನನ್ನು ತಿರುಗಿಸಿ ತೆರೆದ ಬಾಗಿಲು ತೋರಿಸಿದ್ದೇ ಅವರು ಎದೆಗೆ ಕೈಯಿಟ್ಟುಕೊಂಡು ಅತ್ತುಬಿಟ್ಟರು. ನನಗೆ ಅವರ ಭಾಷೆ ಬಾರದು, ಅವರಿಗೆ ನನ್ನದು ಬಾರದು. ಅಳು ಒಂದೇ ಆದ್ದರಿಂದ ನಾನೂ ಜೊತೆಗೂಡಿದೆ. ಅವರು ಏನೋ ಕೇಳಿದರು. ಮಾರಿಸೋಲ್ ಕಣ್ಣೊರೆಸಿಕೊಂಡು ಹೇಳಿದಳು: "ಬೆಳಿಗ್ಗೆಯೇ ಒಳಗೆ ಹೋಗಿದ್ದರೆ ಅಲ್ಲಿ ನಾಲ್ಕೂವರೆ, ಅಮ್ಮ ಮಾತ್ರೆ ತಗೊಂಡು ಮಲಗಿರ್ತಿದ್ದಳು. ತಾನು ಎದ್ದಿರೋ ಹೊತ್ತಿಗೆ ಸರಿಯಾಗಿ ಕರ್ಕೊಂಡು ಹೋದ ಆ ಜಾಣೆ ಯಾರು ಅಂತ ಕೇಳ್ತಿದ್ದಾಳೆ."

ನಾನು ತಲೆ ಬಾಗಿಸಿ ಕೈಮುಗಿದೆ. ನಮ್ಮವರು ಜೋರಾಗಿ ಕೆಮ್ಮಿದರು.

ಆಮೇಲೆ ಮಾರಿಸೋಲ್ ಫೋನು ನನ್ನ ಮಗಳ ಕೈಗೆ ಕೊಟ್ಟು, ಬಾಗಿಲ ಬಳಿಯೇ ಮಂಡಿಯೂರಿದಳು. ಅಲ್ಲಿಂದ ಒಳಗಿನ ಮೇರಿ ಮಾತೆಯ ತನಕ, ಆ ಉದ್ದದ ಕಲ್ಲಿನ ನೆಲದ ಮೇಲೆ, ಮಂಡಿಯಲ್ಲೇ ಹೊರಟಳು. ಬೆಂಚುಗಳಲ್ಲಿ ಏಳೆಂಟು ಮುದುಕ ಮುದುಕಿಯರು. ಯಾರೂ ತಿರುಗಿ ನೋಡಲಿಲ್ಲ. ಈ ದೇಶದಲ್ಲಿ ನೋಡದೆ ಇರುವುದೇ ದೊಡ್ಡ ಮರ್ಯಾದೆ. ಒಬ್ಬ ಅಜ್ಜಿ ಮಾತ್ರ ತನ್ನ ಸಂತೆಚೀಲವನ್ನು ದಾರಿಯಿಂದ ಮೆಲ್ಲಗೆ ಒಳಗೆಳೆದುಕೊಂಡಳು. ಅದಿತಿ, ಯಾವತ್ತೂ ಒಂದು ನಿಮಿಷ ನೆಟ್ಟಗೆ ನಿಲ್ಲದವಳು, ಎರಡೂ ಕೈಯಲ್ಲಿ ಫೋನು ಎತ್ತಿ ಹಿಡಿದು, ಆ ಅಮ್ಮನಿಗೆ ಕಾಣಿಸಲಿ ಅಂತ, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಪಕ್ಕದಲ್ಲೇ ನಡೆದಳು. ನಂಜನಗೂಡಿನಲ್ಲಿ ಉರುಳುಸೇವೆ ನೋಡಿ ಬೆಳೆದವಳು ನಾನು. ಆದರೂ ಆ ಹೊತ್ತಿನ ಆ ಸಂಜೆ ಬೆಳಕಿನಲ್ಲಿ ನನಗೇನಾಯಿತೋ ಕಾಣೆ, ಬೂಟು ಕಳಚಿ ನಾನೂ ಮಂಡಿಯೂರಿ ಅವಳ ಹಿಂದೆಯೇ ಹೊರಟುಬಿಟ್ಟೆ.

ಹೋಗಿ ಸೇರಿದ್ದೂ ಆಯಿತು. ಮಾರಿಸೋಲ್ ತಾಯಿಯ ಮುಂದೆ ತಲೆ ಬಾಗಿಸಿದಳು, ಏನೋ ಪಿಸುಗುಟ್ಟಿದಳು, ಶಿಲುಬೆ ಗುರುತು ಮಾಡಿಕೊಂಡು ಎದ್ದಳು. ಅವಳ ಮುಖ ತೊಳೆದಿಟ್ಟ ಬೆಳ್ಳಿಯ ಹಾಗಿತ್ತು. ನಾನು ಏಳಲಿಲ್ಲ. ಮಾರಿಸೋಲ್ ಹೋಗಿ ಬೆಂಚಿನಲ್ಲಿ ಕೂತಳು. ನಾನು ಏಳಲಿಲ್ಲ. ಪಾದ್ರಿಗಳು ಬಂದರು, ನನ್ನನ್ನು ನೋಡಿ ಗೌರವದಿಂದ ಒಂದು ನಿಮಿಷ ಕಾದು ನಿಂತರು. ಇಂಥ ಭಕ್ತಿಯನ್ನು ನೋಡಿ ಬಹಳ ದಿನವಾಯಿತು ಅಂತ ಆಮೇಲೆ ನಮ್ಮವರ ಹತ್ತಿರ ಹೇಳಿದರಂತೆ. ಸುಮಾ ತನಗಿಂತ ಹೆಚ್ಚು ಹೊತ್ತು ತಾಯಿಯ ಪಾದದಲ್ಲಿದ್ದಳು ಅಂತ ಮಾರಿಸೋಲ್ ಇಡೀ ಆಫೀಸಿಗೆ ಹೇಳಿದ್ದಾಳೆ. ಕನ್ನಡ ಕೂಟದ ಹೆಂಗಸರು ಒಂದು ಭಾನುವಾರ ಭಕ್ತಿಯ ವಿಷಯವಾಗಿ ನನ್ನಿಂದ ನಾಲ್ಕು ಮಾತು ಆಡಿಸಿದರು. ನಾನೂ ಆಡಿದೆ.

ನಿಮ್ಮ ಹತ್ತಿರ ಮುಚ್ಚಿಡುವುದೇನು. ಇಪ್ಪತ್ತೆರಡು ಕಿಲೋಮೀಟರ್ ನಡೆದ ಕಾಲು ಮಡಿಸಿದ ಮೇಲೆ ಬಿಚ್ಚಲಿಲ್ಲ, ಅಷ್ಟೇ. ಎಡಗಾಲು ನನ್ನದೋ ಪಕ್ಕದವರದೋ ಅಂತಲೂ ತಿಳಿಯುತ್ತಿರಲಿಲ್ಲ. ಆ ಕರುಣಾಮಯಿಯ ಮುಖ ನೋಡುತ್ತಾ ಲೋಕಕ್ಕೆ ಶಾಂತಿ ಕೇಳಲಿಲ್ಲ, ಮಗಳಿಗೆ ವಿದ್ಯೆ ಕೇಳಲಿಲ್ಲ. "ತಾಯೀ, ಹೇಗಾದರೂ ಮಾಡಿ ನನ್ನನ್ನ ಎಬ್ಬಿಸಮ್ಮಾ" ಅಂದೆ, ಅಚ್ಚ ಕನ್ನಡದಲ್ಲಿ. ಹಿಂದಿನಿಂದ ಲ್ಯಾವೆಂಡರ್ ವಾಸನೆ ಬಂತು. "ಆರ್ ಯೂ ಆಲ್‌ರೈಟ್, ಲವ್?" ಅಂತ ಕಿವಿಯ ಹತ್ತಿರ ಒಂದು ದನಿ. ಸಂತೆಚೀಲದ ಅಜ್ಜಿ ಒಂದು ಕಡೆ, ಅವಳ ಗೆಳತಿ ಇನ್ನೊಂದು ಕಡೆ, ಎಂಬತ್ತು ದಾಟಿದ ಇಬ್ಬರೂ ನನ್ನ ಕಂಕುಳಿಗೆ ಕೈಕೊಟ್ಟು, ಒನ್ ಟೂ ತ್ರೀ ಅಂದು ಎತ್ತಿ ನಿಲ್ಲಿಸಿದರು. ಇಷ್ಟು ವರ್ಷದಲ್ಲಿ ಎಷ್ಟು ದೇವರ ಹತ್ತಿರ ಏನೇನು ಕೇಳಿಲ್ಲ ನಾನು! ಕೇಳಿದ ಅರ್ಧ ನಿಮಿಷದಲ್ಲಿ ನಡೆಸಿಕೊಟ್ಟವಳು ಇವಳೊಬ್ಬಳೇ, ಅದೂ ರಜೆಯ ದಿನ.